ಶೀನಣ್ಣ ಮಾಡಿದ ಬೋರಿಂಗ್ ಹೆಡ್

ನನ್ನ ಅಬ್ಬಾ,

ನೀವು ತೀರಿಕೊಂಡ ಮೇಲೆ ಕೊಪ್ಪದ ವರ್ಕ್‌ಶಾಪಿನ ಬಾಗಿಲು ಒಬ್ಬಳೇ ತೆಗೆಯುವುದು ಅಭ್ಯಾಸವಾಗಿತ್ತು. ಈ ವಾರ ಮಾತ್ರ ಒಳಗೆ ಕಾಲಿಡಲು ನಾಚಿಕೆಯಾಯಿತು. ನಿಮಗಲ್ಲದೆ ಇನ್ನಾರಿಗೆ ಹೇಳಲಿ?

ತೂತನ್ನು ಅಳತೆಗೆ ಕೊರೆದು ಅಗಲಿಸುವ ಹೊಸ ಬೋರಿಂಗ್ ಹೆಡ್ ತಂದ ದಿನವೇ ಕಣ್ಣ ಮುಂದಿದೆ. ನಮ್ಮ ಹಳೆಯದರಲ್ಲಿ ಕೊರೆಯುವ ಟೂಲನ್ನು ಸರಿಸಲು ಒಂದು ಸ್ಕ್ರೂ ಅಷ್ಟೇ. ಎಷ್ಟು ಸರಿಯಿತೆಂದು ಕೈಗೇ ಗೊತ್ತಾಗಬೇಕು. ಹೊಸದಕ್ಕೆ ಅಳತೆಯ ಡಯಲ್ ಇದೆ, ಸ್ಲೈಡ್ ಅಲುಗದಂತೆ ಬಿಗಿಯಲು ಬೇರೆ ಸ್ಕ್ರೂಗಳಿವೆ. ಯಾವುದು ವಾಸಿ ನೋಡೋಣವೆಂದು ಒಂದೇ ಬೀಡುಕಬ್ಬಿಣದ ತುಂಡಿನಲ್ಲಿ ಎರಡರಿಂದಲೂ ತೂತು ಕೊರೆದೆ. ಶೆಟ್ಟಿಕೊಪ್ಪದಿಂದ ಬಂದಿದ್ದ ಗಿರಾಕಿಗಳು ನೋಡುತ್ತ ನಿಂತಿದ್ದರು. ಮೊದಲಿನಿಂದ ನಿಮ್ಮ ಜೊತೆ ದುಡಿದ ಶೀನಣ್ಣನೂ ಇದ್ದರು. ಹೊಸದರ ತೂತು ಬಾಯಿಂದ ತಳದವರೆಗೆ ಒಂದೇ ಅಳತೆ. ಹಳೆಯದರದ್ದು ತಳಕ್ಕೆ ಹೋಗುತ್ತ ಕಿರಿದು. "ಇಷ್ಟು ವರ್ಷ ಇದನ್ನ ಇಟ್ಕೊಂಡು ಕೂತಿದ್ವಿ. ಗುಜರಿಗೂ ಬೇಡ" ಅಂದೆ. ಗಿರಾಕಿಗಳು ನಕ್ಕರು. ಶೀನಣ್ಣ ಕೈ ಒರೆಸಿಕೊಂಡು ಊಟಕ್ಕೆ ಹೋದವರು ತಿರುಗಿ ಬರಲಿಲ್ಲ. ಮರುದಿನವೂ...

ಮೆಣಸೆಗೆ ಬಸ್ಸು ಹತ್ತಿ ಅವರ ಮನೆಗೆ ಹೋದಾಗ ಅವರ ಹೆಂಡತಿಯೇ ಹೇಳಿದ್ದು, ಆ ಹೆಡ್ಡನ್ನು ಶೀನಣ್ಣ ತಾವೇ ಮಾಡಿದ್ದಂತೆ. ನೀವು ಯಾಕೆ ಒಂದು ದಿನವೂ ಹೇಳಲಿಲ್ಲ ಅಬ್ಬಾ?

"ಅದರ ಸ್ಲೈಡ್ ಸಡಿಲ ಆಗಿದ್ದು ನಿಮ್ಮಬ್ಬಂಗೆ ಗೊತ್ತಿತ್ತು ಮಾರಾಯ್ತಿ," ಶೀನಣ್ಣ ಮೆಲ್ಲಗೆ ಅಂದರು. "ಹೊಸದು ತನ್ನಿ ಸಾಬ್ರೇ ಅಂತ ನಾನೇ ಅಂದಿದ್ದೆ. ಶೀನಾ, ನೀನಿರೋ ತನಕ ಇದೇ ಸಾಕು ಅಂದ್ರು."

ಕೊನೆಯ ಪದರವನ್ನು ನೀವು ಮತ್ತೆ ಮತ್ತೆ ನವಿರಾಗಿ ತೆಗೆಯುತ್ತಿದ್ದದ್ದು ತೂತಿನ ತಳ ಸರಿಹೋಗಲೆಂದೇನಾ ಅಬ್ಬಾ? ವಯಸ್ಸಾಗಿ ನಿಧಾನವಾಗಿದ್ದೀರಿ ಎಂದುಕೊಂಡಿದ್ದೆ. ಸ್ನೇಹಿತನ ಮನಸ್ಸು ನೋಯದಂತೆ ನೀವು ಅಷ್ಟು ವರ್ಷ ಕಾದದ್ದನ್ನು ನಾನು ಒಂದು ಮಾತಿನಲ್ಲಿ...

ತಪ್ಪಾಯಿತು ಎಂದೆ. ಅವರು, ಹೊಸದರ ತೂತು ನಿಜಕ್ಕೂ ಅಷ್ಟು ಸರಿ ಬಂತಾ ಎಂದು ಕೇಳಿದರು. ಹೌದು ಎನ್ನಲು ಸಂಕೋಚವಾಯಿತು. ಆದರೂ ಹೌದೆಂದೆ.

ಇವತ್ತು ಬೆಳಿಗ್ಗೆ ಬಂದರು. ಶೆಟ್ಟಿಕೊಪ್ಪದವರೂ ಬಂದಿದ್ದರು. ಹಳೆಯದನ್ನು ಮಾಡಿದವರು ಇವರೇ, ಇಷ್ಟು ಕಾಲ ನಮ್ಮ ಮನೆ ನಡೆದದ್ದು ಅದರಿಂದಲೇ ಎಂದು ಅವರೆದುರೇ ಹೇಳಿದೆ. ಶೀನಣ್ಣ ಕೇಳಿಸದವರಂತೆ ಹೊಸ ಹೆಡ್ಡಿನ ಡಯಲ್ ತಿರುಗಿಸುತ್ತಿದ್ದರು. ಶೆಟ್ಟಿಕೊಪ್ಪದವರ ಯಂತ್ರದ ಬೇರಿಂಗ್ ಕೂರುವ ತೂತನ್ನು ತಾವೇ ಕೊರೆದರು. ಅಳತೆಯ ಗೇಜನ್ನು ತಳದವರೆಗೆ ಇಳಿಸಿ ನೋಡಿ, ಇನ್ನೊಮ್ಮೆ ನೋಡಿ, ನನ್ನ ಕಡೆ ತಿರುಗಿದರು.

"ಸಾಬ್ರು ನೋಡ್ಬೇಕಿತ್ತು," ಅಂದರು.

ನಿಮ್ಮ
ಸಬೀನಾ