ಮೇಯರ್ ರಾಡೆಮಾಕರ್ ಹಾಕಿದ ಓಟು

ಲಿಂಡನ್‌ಬರ್ಗ್, ಅಯೋವಾ
8 ಏಪ್ರಿಲ್ 1873

ನನ್ನ ಮುದ್ದಿನ ಒಟೀಲಿಯಕ್ಕಾ,

ಕುಳಿತಿದ್ದರೆ ಎದ್ದು ನಿಲ್ಲು! ನಿನ್ನ ತಂಗಿ ಈಗ ಮೇಯರ್ ಹೆಂಡತಿ! ಮದುವೆಯಾಗಿ ಇಪ್ಪತ್ತಾರೇ ದಿನ, ನೋಡು ನನ್ನ ಕಾಲ್ಗುಣ!

ಎದುರಾಳಿ ಪ್ರೆಂಟಿಸ್ ಗೆದ್ದಿದ್ದರೆ ಭಾನುವಾರ ನಮ್ಮ ಬಿಯರ್ ತೋಟಕ್ಕೆ ಬೀಗ ಬೀಳುತ್ತಿತ್ತು. ವಾರವಿಡೀ ದುಡಿಯುವ, ವಲಸೆ ಬಂದ ನಮ್ಮ ಜನಕ್ಕೆ ಮಕ್ಕಳುಮರಿಯೊಂದಿಗೆ ಸೇರಿ ಹಾಡಲು ಇರುವುದು ಅದೊಂದೇ ಜಾಗ. ಪೀಪಾಯಿ ಮಾಡುವ ನನ್ನ ಗಾಟ್‌ಹಿಲ್ಫ್ ಚುನಾವಣೆಗೆ ನಿಂತದ್ದೇ ಅದಕ್ಕಾಗಿ. ಅವರ ಇಂಗ್ಲಿಷ್ ಭಾಷಣಗಳನ್ನೆಲ್ಲ ಬರೆದವಳು ನಾನು. ಅಪ್ಪ ನನ್ನನ್ನು ಇಂಗ್ಲಿಷ್ ಶಾಲೆಗೆ ಕಳಿಸಿದ್ದು ಸಾರ್ಥಕವಾಯಿತು!

ಆದರೆ ಕೇಳು, ನಿನ್ನೆ ಬೆಳಿಗ್ಗೆ ಈ ಮಹಾರಾಯರು ಪ್ರೆಂಟಿಸ್ ಪಕ್ಷದವರು ಅವನ ಹೆಸರು ಅಚ್ಚುಹಾಕಿಸಿ ಹಂಚಿದ ಮತಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು.

"ರೀ, ಇದೇನ್ರೀ ಹುಚ್ಚು?" ಅಂದೆ.

"ಹಳೇ ದೇಶದ ನಮ್ಮೂರಲ್ಲಿ ಓಟನ್ನ ಎಲ್ರೆದುರಿಗೇ ಬಾಯಿಬಿಟ್ಟು ಹೇಳ್ಬೇಕಿತ್ತು, ಟಿಲ್ಡಾ. ತನ್ನ ಹೆಸರನ್ನ ತಾನೇ ಕೂಗ್ದೋನಿಗೆ ಜನ ಸಾಯೋವರ್ಗೂ ಮರ್ಯಾದೆ ಕೊಡ್ತಿರ್ಲಿಲ್ಲ."

"ಇಲ್ಲಿ ಚೀಟಿ ಮಡಿಸಿ ಪೆಟ್ಟಿಗೆಗೆ ಹಾಕೋದಲ್ವಾ? ಯಾರ್ ನೋಡ್ತಾರೆ?"

"ನಾನ್ ನೋಡ್ತೀನಲ್ಲ!"

ಅತ್ತೆ ಬ್ರೆಡ್ಡು ಕೊಯ್ಯುತ್ತಲೇ, "ಸೋತು ಬಾ. ಆ ಮರ್ಯಾದೆನೇ ಬ್ರೆಡ್ಡಿಗೆ ಸವರಿ ಕೊಡ್ತೀನಿ, ತಿನ್ನುವಂತೆ" ಎಂದರು. ಇವರು ನಕ್ಕರೇ ಹೊರತು ಜಗ್ಗಲಿಲ್ಲ.

ಸಂಜೆ ಎಣಿಕೆ ಮುಗಿದಾಗ ಪ್ರೆಂಟಿಸ್‌ಗೆ 411, ನನ್ನವರಿಗೆ 412! ಒಂದೇ ಒಂದು ಮತ, ಅಕ್ಕಾ! ಹಾಡುಗಾರರ ಸಂಘದವರು ಇವರನ್ನು ಹೆಗಲ ಮೇಲೆ ಹೊತ್ತು ಕುಣಿದರು. ಪ್ರೆಂಟಿಸ್ ಮುಖ ಗಂಟಿಕ್ಕಿಕೊಂಡು ಬಂದು, ಮರು ಎಣಿಕೆ ಆಗಲೇಬೇಕೆಂದು ಪಟ್ಟು ಹಿಡಿದ. ಆಗ ಇವರು ಹೆಗಲ ಮೇಲಿಂದಿಳಿದು, ತಮ್ಮ ಮತವನ್ನು ಅವನಿಗೇ ಹಾಕಿದ್ದಾಗಿ ಎಲ್ಲರೆದುರು ಹೇಳಿಬಿಟ್ಟರು. ಪ್ರೆಂಟಿಸ್ ಕಿವಿಯವರೆಗೂ ಕೆಂಪಾಗಿ, "ನಾನು ನನಗೇ ಹಾಕ್ಕೊಂಡೆ, ರಾಡೆಮಾಕರ್" ಎಂದು ಟೋಪಿ ತೆಗೆದ. ಮರು ಎಣಿಕೆಯ ಮಾತು ಬಿಟ್ಟ. ತಾನು ಬದುಕಿರುವ ತನಕ ಬಿಯರ್ ತೋಟದ ತಂಟೆಗೆ ಬರುವುದಿಲ್ಲವೆಂದು ಕೈಕುಲುಕಿದ!

ಇಂಥ ಗಂಡನನ್ನು ಪಡೆದ ನಾನೆಷ್ಟು ಪುಣ್ಯವಂತೆ! ಮುಂದಿನ ಸಲ ಅವರು ಶಾಸನಸಭೆಗೇ ಹೋಗುತ್ತಾರೆ, ಬರೆದಿಟ್ಟುಕೋ. ಅಪ್ಪನಿಗೆ ಈ ಕಾಗದವನ್ನು ಗಟ್ಟಿಯಾಗಿ ಓದಿ ಹೇಳು, ಆದರೆ ನನ್ನ ಸಹಿಯವರೆಗೆ ಮಾತ್ರ.

ಹಿಗ್ಗಿ ಹೀರೇಕಾಯಿಯಾಗಿರುವ ನಿನ್ನ ತಂಗಿ,
ಮಟಿಲ್ಡಾ ರಾಡೆಮಾಕರ್
(ಮೇಯರ್ ಅವರ ಪತ್ನಿ!)

ತಾ.ಕ.: ನಿನ್ನೆ ಬೆಳಿಗ್ಗೆ ಅವರಿಗೆ ಟೈ ಕಟ್ಟುವಾಗ ಜೇಬಿನ ಚೀಟಿ ತೆಗೆದು, ನಮ್ಮ ಪಕ್ಷದ್ದನ್ನು ಅದೇ ಥರ ಮಡಿಸಿ ಇಟ್ಟೆ. ಪ್ರೆಂಟಿಸ್‌ನದು ಒಲೆ ಸೇರಿತು. ಅತ್ತೆ ನೋಡಿದರು, ನನ್ನ ಬ್ರೆಡ್ಡಿಗೆ ಎರಡು ಪಾಲು ಬೆಣ್ಣೆ ಸವರಿಕೊಟ್ಟರು.