ಅಮ್ಮನ ಕುಂಕುಮದ ಭರಣಿ

ಹಳೇಬೀಡು
ಸೋಮವಾರ

ಅನುಸೂಯಕ್ಕನಿಗೆ,

ಅಪ್ಪ ಈಗ ಎರಡು ಹೊತ್ತು ಉಣ್ಣುತ್ತಿದ್ದಾರೆ. ಹೇಮಾಶ್ರೀಯ ಸೀಮಂತಕ್ಕೆ ದಿನ ಗೊತ್ತಾಯಿತೆಂದು ಅವರೇ ಹೇಳಿದರು.

ಅಮ್ಮ ಮುತ್ತೈದೆಯಾಗಿ ಹೋದಳೆಂದು, ತಿಥಿಯ ದಿನ ನೀನು ಅವಳ ಕುಂಕುಮದ ಭರಣಿಯನ್ನು ಮಗಳಿಗಾಗಿ ಒಯ್ದೆ. ಅದನ್ನು ಹೇಮಾಶ್ರೀಯ ಹಣೆಗೆ ಇಡಬೇಡ.

ಎಮ್ಮೆಗೆ ಹುಲ್ಲು ಹಾಕಲು ಬಗ್ಗಿದಷ್ಟಕ್ಕೇ ಅಮ್ಮನ ಸೊಂಟ ಮುರಿದದ್ದು ಹೇಗೆಂದು ಹಾಸನದ ಡಾಕ್ಟರಿಗೆ ಅನುಮಾನವಿತ್ತು. ಅವಳು ಆಸ್ಪತ್ರೆಯಲ್ಲಿದ್ದಾಗಲೇ ರಕ್ತವನ್ನೂ ಆ ಭರಣಿಯ ಒಂದು ಚಿಟಿಕೆ ಕುಂಕುಮವನ್ನೂ ಪರೀಕ್ಷೆಗೆ ಕಳಿಸಿದ್ದರು. ವರದಿ ಮೊನ್ನೆ ಬಂತು. ಎರಡರಲ್ಲೂ ಸೀಸ ಇದೆ. ಅದು ಮೂಳೆಯಲ್ಲಿ ಕೂತು ಮೂಳೆಯನ್ನು ಸವೆಸುತ್ತದಂತೆ, ಹೊಟ್ಟೆಯ ಕೂಸಿಗೂ ಇಳಿಯುತ್ತದಂತೆ. ವಯಸ್ಸೂ ಕಾರಣವಿರಬಹುದು ಎಂದರು. ನನ್ನ ಸಮಾಧಾನಕ್ಕೆ ಹೇಳಿರಬೇಕು.

ಮನೆಯಲ್ಲಿ ಅರಿಶಿನದಿಂದ ಮಾಡುತ್ತಿದ್ದ ಕುಂಕುಮ ಮಂಕಾಗಿದೆಯೆಂದು ಅಂಗಡಿಯ ಕೆಂಪು ಪುಡಿಯನ್ನು ಮೊದಲು ತಂದವಳು ನಾನು. “ಬಸ್ಸಲ್ಲಿ ಕುಂತೋರ್ಗೂ ಕಾಣ್ತೈತೆ ಕಣೇ,” ಎಂದು ಅಮ್ಮ ಕನ್ನಡಿಯ ಮುಂದೆ ನಕ್ಕಿದ್ದಳು. ಆಮೇಲೆ ಹದಿನೆಂಟು ವರ್ಷ ಒಂದು ದಿನವೂ ತಪ್ಪಿಸಲಿಲ್ಲ.

ಭರಣಿಯನ್ನು ಹೊಳೆಗೆ ಬಿಡಬೇಡ, ಆ ನೀರನ್ನೂ ಯಾರಾದರೂ ಕುಡಿಯುತ್ತಾರೆ. ಮುಚ್ಚಳ ಬಿಗಿದು ನನಗೆ ಕಳಿಸು. ಹೇಮಾಶ್ರೀಗೆ ಅರಿಶಿನ ಸಾಕು. ಅವಳಿಗೆ ಕಾರಣ ಹೇಳಬೇಡ, ಹೆದರುತ್ತಾಳೆ.

ಅಕ್ಷರ ಸೊಟ್ಟಗಿದೆ, ಬೇಸರ ಮಾಡಿಕೊಳ್ಳಬೇಡ. ಹೋದ ವಾರ ಹೊದಿಕೆ ಹಿಂಡುವಾಗ ಬಲಗೈಯ ಮಣಿಕಟ್ಟು ಮುರಿಯಿತು, ಎಡಗೈಯಲ್ಲಿ ಬರೆಯುತ್ತಿದ್ದೇನೆ. ನಾನೂ ಅದೇ ಭರಣಿಯಿಂದ ಇಟ್ಟುಕೊಳ್ಳುತ್ತಿದ್ದೆನಲ್ಲ.

ಅಪ್ಪನಿಗೆ ಜಾರಿ ಬಿದ್ದೆನೆಂದು ಹೇಳಿದ್ದೇನೆ. ನೀನೂ ಹಾಗೆಯೇ ಹೇಳು.

ನಿನ್ನ ತಂಗಿ,
ವಿಶಾಲು