ಸೇತುವೆಯ ಮೂಕ ಯೋಧ

ಮಾರ್ಚ್ 3, ಬೆಳಿಗ್ಗೆ

ನಮ್ಮ ಕಂಪನಿಯ ವಿಡಿಯೋ ಗೇಮ್ ಬಿಡುಗಡೆಯಾಗಿ ಎರಡು ದಿನ. ವಿಮರ್ಶೆಗಳು ಒಂದಕ್ಕಿಂತ ಒಂದು ಕಹಿ. ‘ಅಷ್ಟು ಒಳ್ಳೆಯ ಐತಿಹ್ಯ, ಇಷ್ಟು ನೀರಸ ಕಾಳಗ’ — ಒಬ್ಬ. ‘ರಾಣಿ ಮಾತು ನಿಲ್ಲಿಸುವುದೇ ಇಲ್ಲ’ — ಇನ್ನೊಬ್ಬ. ಸುಳ್ಳಲ್ಲ. ಗೇಮಿನ ಆ ರಾಣಿಯ ಸಂಭಾಷಣೆ ಬರೆದವಳು ನಾನೇ. ಆಫೀಸಿನಲ್ಲಿ ಯಾರೂ ಮುಖ ಕೊಟ್ಟು ಮಾತಾಡುತ್ತಿಲ್ಲ.

ಅಪ್ಪ ಮಾತ್ರ ಖುಷಿಯಲ್ಲಿದ್ದಾರೆ. ಮೂವತ್ತು ವರ್ಷ ಅಚ್ಚುಕೂಟದಲ್ಲಿ ಬೇರೆಯವರ ಕರಡು ತಿದ್ದಿದವರು. ಮೊದಲ ಸಲ ಸ್ವಂತ ಬರೆದದ್ದು — ಇದೇ ಗೇಮಿನಲ್ಲಿ ಸೇತುವೆ ಕಾಯುವ ಮುದಿ ಯೋಧನ ಹದಿನಾಲ್ಕು ಮಾತು. ನಾನೇ ಕೇಳಿ ಬರೆಸಿದ್ದು.

“ನನ್ನ ಮುದುಕ ಯಾವಾಗ ಬರ್ತಾನೆ?”

“ಮುಂದೆ ಬರ್ತಾನೆ ಅಪ್ಪ, ಆಡ್ತಾ ಇರಿ.”

ಬರುತ್ತಾನೆ. ಮಾತಾಡುವುದಿಲ್ಲ. ಹದಿನಾಲ್ಕೂ ತೆಗೆದಾಗಿದೆ. ಹೇಳಲು ಬಾಯಿ ಬರಲಿಲ್ಲ.

ಮಾರ್ಚ್ 5

ಅಪ್ಪ ಕಂಟ್ರೋಲರ್ ಹಿಡಿಯಲು ಕಲಿತರು. ಚದುರಂಗದ ಹಾಗೆ ಮನೆ ಮನೆ ಎಣಿಸಿ ಸೈನಿಕರನ್ನು ನಡೆಸುತ್ತಾರೆ. ಒಬ್ಬ ಬಿಲ್ಲುಗಾರ ಸತ್ತರೂ ಇಡೀ ಕಾಳಗ ಮೊದಲಿನಿಂದ. ಕಣ್ಣು ಉರಿದರೆ ಒದ್ದೆ ಬಟ್ಟೆ ಒತ್ತಿಕೊಂಡು ಮತ್ತೆ ಶುರು.

“ಬೋರ್ ಆಗಲ್ವಾ?”

“ಆಗುತ್ತೆ ಕಣೇ. ಯಾವ ಪುಣ್ಯಾತ್ಮರು ಮಾಡಿದ್ರೋ ಇದನ್ನ!” ಅಂದು ನಾಲಿಗೆ ಕಚ್ಚಿಕೊಂಡರು. ಇಬ್ಬರೂ ನಕ್ಕೆವು.

ಆಗಲೇ ಹೇಳಬಹುದಿತ್ತು.

ಮಾರ್ಚ್ 16, ಭಾನುವಾರ, ಮಧ್ಯಾಹ್ನ 3

ಸೇತುವೆ ಬಂತು. ಅಪ್ಪ ಕನ್ನಡಕ ಒರೆಸಿ ನೆಟ್ಟಗೆ ಕೂತರು. ಮುದಿ ಯೋಧ ಬಂದ. ಸುಮ್ಮನೆ ಕತ್ತಿ ಎತ್ತಿದ. ಅವನನ್ನು ಕೊಲ್ಲದೆ ದಾರಿಯಿಲ್ಲ. ಅಪ್ಪ ಹೊಡೆಯಲಿಲ್ಲ. ತಮ್ಮ ಸರದಿ ಬಿಟ್ಟುಕೊಟ್ಟರು, ಮತ್ತೆ ಬಿಟ್ಟುಕೊಟ್ಟರು. ಅವರ ಸೈನಿಕರೆಲ್ಲ ಒಬ್ಬೊಬ್ಬರಾಗಿ ಉರುಳಿದರು.

“ಇವನು ಮಾತಾಡ್ಬೇಕಿತ್ತಲ್ವಾ?”

“ತೆಗೆದ್ಬಿಟ್ರು ಅಪ್ಪ.”

“ಹೋಗ್ಲಿ ಬಿಡು. ಮೇಲಿನವರು ಹೇಳಿದ್ಮೇಲೆ ನೀನಾದ್ರೂ ಏನ್ಮಾಡ್ತೀಯ.”

ಅವರೇ ನನಗೆ ಸಮಾಧಾನ ಹೇಳಿದರು. ತಲೆ ಸವರಿದರು.

ಮಾರ್ಚ್ 17

ಇಲ್ಲಾದರೂ ಬರೆದಿಡುತ್ತೇನೆ. ಮೇಲಿನವರು ಹೇಳಿದ್ದು ಇಷ್ಟೇ — ಮಾತು ಜಾಸ್ತಿಯಾಯ್ತು, ರಾಣಿಯದ್ದಾದರೂ ಕತ್ತರಿಸಿ, ಮುದುಕನದ್ದಾದರೂ ತೆಗೆಯಿರಿ, ನೀವೇ ಆರಿಸಿ. ರಾಣಿ ನನ್ನವಳು. ಎರಡು ವರ್ಷ ಬರೆದಿದ್ದೆ. ಐದು ನಿಮಿಷವೂ ಯೋಚಿಸಲಿಲ್ಲ.

ಅಪ್ಪನ ಮಾತುಗಳು ನನ್ನವಕ್ಕಿಂತ ಚೆನ್ನಾಗಿದ್ದವು. ಅದೂ ಗೊತ್ತಿತ್ತು.

ಮಾರ್ಚ್ 25, ಸಂಜೆ

ಹೇಳಿದೆ. ಎಲ್ಲವನ್ನೂ. ಅಪ್ಪ ಕಂಟ್ರೋಲರ್ ಎತ್ತಿ ಟೀವಿ ಪಕ್ಕ ಇಟ್ಟರು.

“ಆ ರಾಣಿ ಮಾತು ನಾನು ಒಂದೂ ಕೇಳಿಲ್ಲ ಕಣೇ. ಅವಳು ಬಾಯಿ ತೆಗೆದ್ರೆ ಸಾಕು, ಬಟನ್ ಒತ್ತಿ ದಾಟಿಸ್ತಿದ್ದೆ. ನನ್ನವನು ಬೇಗ ಬರ್ಲಿ ಅಂತ.”

ಎದ್ದು ಕೋಣೆಗೆ ಹೋದರು. ಬಾಗಿಲು ಹಾಕಿಕೊಂಡರು.

ಮಾರ್ಚ್ 30

ಐದು ದಿನ ಅಗತ್ಯಕ್ಕೆ ತಕ್ಕಷ್ಟೇ ಮಾತು. ಊಟ ಆಯ್ತಾ, ಆಯ್ತು.

ಈಗ ಹಾಲ್‌ನಲ್ಲಿ ಟೀವಿ ಸದ್ದು. ಮೊದಲ ಅಧ್ಯಾಯ. ರಾಣಿ ಮಾತಾಡುತ್ತಿದ್ದಾಳೆ... ಅಪ್ಪ ದಾಟಿಸುತ್ತಿಲ್ಲ. ಇಲ್ಲಿಂದ ಕೇಳಿದರೆ ನನಗೇ ನಾಚಿಕೆ — ಎಷ್ಟು ಪೊಳ್ಳು. ಇದಕ್ಕಾಗಿ ಅಪ್ಪನ ಮಾತು ತೆಗೆದೆ.

“ಬಾ ಇಲ್ಲಿ. ಇದು ನೀನು ಬರೆದದ್ದಾ?”

ದನಿಯಲ್ಲಿ ಸಿಟ್ಟಿದೆಯೋ ಇಲ್ಲವೋ ತಿಳಿಯುತ್ತಿಲ್ಲ. ಹೋಗಬೇಕು. ಹೋಗಿ ಪಕ್ಕದಲ್ಲಿ ಕೂತು, ‘ನಾನೇ’ ಅನ್ನಬೇಕು.